ಸಹಾಯ ಬೇಕು: ಕಂಪನಿ ಕೈಬದಲಾಗಿದೆ, ಬ್ರಾಡ್‌ಬ್ಯಾಂಡ್ ಬದಲಿಸಬೇಕೇ?

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ನಮ್ಮ ಬಡಾವಣೆಗೆ ಫೈಬರ್ ಕೊಡುತ್ತಿದ್ದ ಸಣ್ಣ ಕಂಪನಿಯನ್ನು ದೊಡ್ಡದೊಂದು ಕೊಂಡುಕೊಂಡಿದೆ. ಕಂಬದಿಂದ ಮನೆಗೆ ಬಂದ ಕೇಬಲ್ ಅದೇ, ರಿಪೇರಿಗೆ ಬರುವ ಹುಡುಗರೂ ಅವರೇ. ಓಎನ್‌ಟಿಯಲ್ಲಿ (ಫೈಬರ್ ಬಂದು ಸೇರುವ ಮನೆಯೊಳಗಿನ ಪೆಟ್ಟಿಗೆ) ಆಪ್ಟಿಕಲ್ ಪವರ್, ಅಂದರೆ ಬರುವ ಬೆಳಕಿನ ಬಲ, ಮೈನಸ್ 21 ಡಿಬಿಎಂ. ಮೈನಸ್ 27ರ ಹತ್ತಿರ ಹೋದರೆ ಲಿಂಕ್ ಬಿದ್ದು ಏಳುವುದು ಶುರುವಾಗುತ್ತದೆ, ಹಾಗಾಗಿ ಲೈನ್ ಬಗ್ಗೆ ದೂರಿಲ್ಲ.

ಬದಲಾಗಿದ್ದು ಐಪಿ. ಮೊದಲು ಪಬ್ಲಿಕ್ ಐಪಿ, ಅಂದರೆ ಹೊರಗಿನಿಂದ ನೇರವಾಗಿ ತಲುಪಬಹುದಾದ ಇಂಟರ್ನೆಟ್ ವಿಳಾಸ, ಇತ್ತು. ಈಗ ರೌಟರ್‌ನ ಸ್ಟೇಟಸ್ ಪುಟದಲ್ಲಿ 100.72 ಎಂದು ಶುರುವಾಗುವ ವಿಳಾಸ ಕಾಣುತ್ತಿದೆ. 100.64ರಿಂದ 100.127ರವರೆಗೆ ಇದ್ದರೆ ಅದು ಸಿಜಿನ್ಯಾಟ್, ಒಂದೇ ಪಬ್ಲಿಕ್ ಐಪಿ ಹಲವು ಮನೆಗಳಿಗೆ ಹಂಚಿಕೆ. ಹಾಗಾಗಿ ಪೋರ್ಟ್ ಫಾರ್ವರ್ಡ್ ಮಾಡಿದರೂ (ಹೊರಗಿನ ಕೋರಿಕೆಯನ್ನು ಮನೆಯ ಸಾಧನಕ್ಕೆ ಕಳಿಸುವ ರೌಟರ್ ಸೆಟ್ಟಿಂಗ್) ಹೊರಗಿನಿಂದ ಕ್ಯಾಮೆರಾ ರೆಕಾರ್ಡ್ ಮಾಡುವ ಡಿವಿಆರ್ ತೆರೆಯುವುದಿಲ್ಲ. ಮನೆಯಲ್ಲಿ ಅಮ್ಮ ಒಬ್ಬರೇ ಇರುವುದರಿಂದ ಕ್ಯಾಮೆರಾ ಬೇಕೇ ಬೇಕು.

ಹೀಗೆ ಕೈಬದಲಾದ ಮೇಲೆ ಯಾರಾದರೂ ಕೇಳಿ ಸ್ಟ್ಯಾಟಿಕ್ ಐಪಿ (ಬದಲಾಗದ, ನಮಗಷ್ಟೇ ಮೀಸಲಾದ ವಿಳಾಸ) ಪಡೆದಿದ್ದೀರಾ? ತಿಂಗಳಿಗೆ ಎಷ್ಟಾಯಿತು? ಐಪಿವಿ6 (ಹೊಸ ಬಗೆಯ ಐಪಿ ವಿಳಾಸ) ಕೊಡುತ್ತಾರಾ, ಒಳಬರುವ ಸಂಪರ್ಕ ಬಿಡುತ್ತಾರಾ? ಆರು ತಿಂಗಳ ಪ್ಲಾನ್‌ನ ಉಳಿದ ಹಣ, ಓಎನ್‌ಟಿ ಡೆಪಾಸಿಟ್ ವಾಪಸ್ ಬಂತಾ? ಪೆಟ್ಟಿಗೆ ಕೊಡುವಾಗ ಸೀರಿಯಲ್ ನಂಬರ್ ಬರೆದ ರಸೀದಿ ಕೊಟ್ಟರಾ?

ಬಿಡುವುದೇ ಆದರೆ ಹೊಸ ಲೈನ್ ಒಂದು ತಿಂಗಳು ಜೊತೆಗೇ ಓಡಿಸಿ, ರಾತ್ರಿ 8ರಿಂದ 11ರೊಳಗೆ ಲ್ಯಾನ್ ಕೇಬಲ್ ಹಾಕಿ ಪರೀಕ್ಷಿಸುವ ಯೋಚನೆಯಿದೆ. ವೈಫೈ ಮೇಲೆ ನೋಡಿದರೆ ತಪ್ಪು ಯಾರದೆಂದು ತಿಳಿಯುವುದಿಲ್ಲ. ಇನ್ನೊಂದು ಅನುಮಾನ: ಹೊಸ ಕಂಪನಿಯ ಫೈಬರ್ ಕೂಡ ಅದೇ ಕಂಬಗಳ ಮೇಲೆ ಬಂದರೆ, ಮರದ ಕೊಂಬೆ ಬಿದ್ದಾಗ ಎರಡೂ ಒಟ್ಟಿಗೇ ಹೋಗುತ್ತವೆ. ಅದನ್ನು ಮೊದಲೇ ಪತ್ತೆ ಮಾಡುವುದು ಹೇಗೆ, ಗೊತ್ತಿದ್ದವರು ದಯವಿಟ್ಟು ಹೇಳಿ.