ರೋಬೋಟಿಕ್ ಆಪರೇಷನ್ ಆದರೆ ಮೂತ್ರಕೋಶ ಉಳಿಯುತ್ತದೆಯೇ?

ಪ್ರಶ್ನೆ: ಪುರುಷ ರೋಗಿ. ಗೆಡ್ಡೆ ಮೂತ್ರಕೋಶದ ಸ್ನಾಯುವಿಗೆ ಇಳಿದಿದೆ (ಟಿ2), ಬೇರೆಡೆ ಹರಡಿಲ್ಲ. ರೋಬೋಟಿಕ್ ಸರ್ಜರಿ ಸೂಚಿಸಿದ್ದಾರೆ. ಸಣ್ಣ ರಂಧ್ರಗಳಲ್ಲೇ ಮುಗಿಯುತ್ತದೆ ಎಂದರೆ ಮೂತ್ರಕೋಶ ಉಳಿಯುತ್ತದೆಯೇ? ಹೊಟ್ಟೆ ಕೊಯ್ದು ಮಾಡುವ ಓಪನ್ ಸರ್ಜರಿಗಿಂತ ಇದರಲ್ಲಿ ಕ್ಯಾನ್ಸರ್ ಮರುಕಳಿಸುವುದು ಕಡಿಮೆಯೇ?

ಉತ್ತರ 1: ಉಳಿಯುವುದಿಲ್ಲ. ಹೊಟ್ಟೆಯ ಮೇಲಿನ ಗಾಯವಷ್ಟೇ ಸಣ್ಣದು. ಮೂತ್ರಕೋಶ, ಪ್ರಾಸ್ಟೇಟ್, ಎರಡೂ ಬದಿಯ ದುಗ್ಧಗ್ರಂಥಿಗಳು, ಇಷ್ಟನ್ನೂ ಎರಡು ವಿಧಾನದಲ್ಲೂ ತೆಗೆಯುತ್ತಾರೆ. 2018ರ ರೇಜರ್ ಅಧ್ಯಯನದಲ್ಲಿ, ಎರಡು ವರ್ಷದವರೆಗೆ ರೋಗ ಉಲ್ಬಣಿಸದೆ ಇದ್ದವರು ರೋಬೋಟಿಕ್‌ನಲ್ಲಿ 72.3%, ಓಪನ್‌ನಲ್ಲಿ 71.6%. ಸರಿಸುಮಾರು ಸಮ. ರೋಬೋಟಿಕ್‌ನಲ್ಲಿ ರಕ್ತ ಹೋಗುವುದು ಕಡಿಮೆ, ಆದರೆ ಆಪರೇಷನ್‌ಗೆ ಹೊತ್ತು ಹೆಚ್ಚು ಹಿಡಿಯುತ್ತದೆ. ಕಿಡ್ನಿ ಚೆನ್ನಾಗಿದ್ದರೆ ಸರ್ಜರಿಗೆ ಮುನ್ನ ಸಿಸ್ಪ್ಲಾಟಿನ್ ಇರುವ ಕೀಮೋ ಕೊಡುವರೇ ಎಂದು ದಯವಿಟ್ಟು ಕೇಳಿ. ಅದು ಯಾವ ವಿಧಾನ ಎಂಬುದಕ್ಕಿಂತ ಮುಖ್ಯ.

ಉತ್ತರ 2: ಇನ್ನೊಂದು ಪ್ರಶ್ನೆಯನ್ನೂ ಕೇಳಲೇಬೇಕು: ಮೂತ್ರದ ಹೊಸ ದಾರಿಯನ್ನು ಹೊಟ್ಟೆಯೊಳಗೇ ಹೊಲಿಯುತ್ತಾರೋ, ಅಥವಾ ಕೊಯ್ದು ಕರುಳನ್ನು ಹೊರತೆಗೆದೋ? ರೇಜರ್‌ನಲ್ಲಿ ಹೊರಗೆ ಹೊಲಿದಿದ್ದರು. ಒಳಗೇ ಹೊಲಿದ 2022ರ ಐರಾಕ್ ಅಧ್ಯಯನದಲ್ಲಿ, ಮೊದಲ 90 ದಿನಗಳಲ್ಲಿ ರೋಗಿಗಳು ಆಸ್ಪತ್ರೆಯ ಹೊರಗೆ ಕಳೆದದ್ದು 82 ದಿನ, ಓಪನ್‌ನಲ್ಲಿ 80. ಲಾಭ ಇದೆ, ಆದರೆ ದೊಡ್ಡದೇನಲ್ಲ.

ಸಣ್ಣ ಕರುಳಿನ ಕೊನೆಯ ಭಾಗದಿಂದ 15–20 ಸೆಂ.ಮೀ. ತುಂಡು ಬೇರ್ಪಡಿಸಿ, ಕಿಡ್ನಿಯಿಂದ ಬರುವ ಎರಡೂ ನಾಳಗಳನ್ನು ಅದಕ್ಕೆ ಜೋಡಿಸಿ, ಇನ್ನೊಂದು ತುದಿಯನ್ನು ಚರ್ಮಕ್ಕೆ ತಂದರೆ ಸ್ಟೋಮಾ, ಮೇಲೆ ಚೀಲ. ಕರುಳಿನಿಂದಲೇ ಹೊಸ ಮೂತ್ರಕೋಶ ಮಾಡಲು 50–60 ಸೆಂ.ಮೀ. ಬೇಕಾಗಬಹುದು. ಕಿಡ್ನಿ ದುರ್ಬಲವಿದ್ದರೆ ಅದು ಬೇಡ: ಕರುಳು ಮೂತ್ರದಿಂದ ಆಮ್ಲ ಹೀರಿಕೊಂಡು ರಕ್ತದಲ್ಲಿ ಆಮ್ಲೀಯತೆ ಏರುತ್ತದೆ.

ಪ್ರಶ್ನೆ ಕೇಳಿದವರು: ಜೋಡಣೆ ಕೆಡುವುದುಂಟೇ?

ಉತ್ತರ 2: ಉಂಟು, ಎಡಗಡೆಯದೇ ಹೆಚ್ಚು. ಎಡನಾಳವನ್ನು ದೊಡ್ಡ ಕರುಳಿನ ಹಿಂದಿನಿಂದ ಬಲಕ್ಕೆ ದಾಟಿಸಬೇಕು. ಅದಕ್ಕಾಗಿ ಸುತ್ತಲಿನ ಅಂಗಾಂಶ ಅತಿಯಾಗಿ ಬಿಡಿಸಿದರೆ ತುದಿಗೆ ರಕ್ತ ಸಾಲದೆ, ತಿಂಗಳುಗಳ ಮೇಲೆ ಜೋಡಣೆ ಕಿರಿದಾಗುತ್ತದೆ. ಎಷ್ಟೋ ಸಲ ನೋವೇ ಇರುವುದಿಲ್ಲ, ಕಿಡ್ನಿ ಮಾತ್ರ ಊದಿರುತ್ತದೆ. ಹಾಗಾಗಿ ನೋವಿಲ್ಲವೆಂದು ಸ್ಕ್ಯಾನ್, ಕ್ರಿಯಾಟಿನಿನ್ (ಕಿಡ್ನಿ ಕೆಲಸ ತಿಳಿಸುವ ರಕ್ತಪರೀಕ್ಷೆ) ತಪ್ಪಿಸಬೇಡಿ.

ಉತ್ತರ 3: ಎರಡು ಮಾತು ಸೇರಿಸುತ್ತೇನೆ. ತಲೆ ಕೆಳಗಾಗಿ ವಾಲಿಸಿ, ಹೊಟ್ಟೆಗೆ ಗ್ಯಾಸ್ ತುಂಬಿ ಗಂಟೆಗಟ್ಟಲೆ ಮಾಡುವ ಆಪರೇಷನ್ ಇದು. ಗ್ಲಾಕೋಮಾ (ಕಣ್ಣಿನೊಳಗಿನ ಒತ್ತಡದ ಕಾಯಿಲೆ), ಹೃದಯ, ಶ್ವಾಸಕೋಶದ ತೊಂದರೆಯಿದ್ದರೆ ಅರಿವಳಿಕೆ ವೈದ್ಯರಿಗೆ ಮೊದಲೇ ತಿಳಿಸಿ. ಸ್ಟೋಮಾ ಜಾಗವನ್ನು ಆಪರೇಷನ್‌ಗೆ ಮುನ್ನ ರೋಗಿಯನ್ನು ಕೂರಿಸಿ, ನಿಲ್ಲಿಸಿ, ಬಾಗಿಸಿ ನೋಡಿ ಗುರುತಿಸಬೇಕು. ಮಲಗಿಸಿ ಮಾತ್ರ ಗುರುತು ಹಾಕಿದರೆ ಕೂತಾಗ ಅದು ಹೊಟ್ಟೆಯ ಮಡಿಕೆಯೊಳಗೆ ಸೇರಿ ಚೀಲ ಸೋರುತ್ತದೆ.