ಸಹಾಯ ಬೇಕು: ಖಾನಾವಳಿ ಹುಡುಗರಿಗೆ ಕನ್ನಡದಲ್ಲಿ ಫೋಸ್ಟ್ಯಾಕ್ ತರಬೇತಿ

ಎಲ್ಲರಿಗೂ ನಮಸ್ಕಾರ. ಹುಬ್ಬಳ್ಳಿಯಲ್ಲಿ ನಮ್ಮದೊಂದು ಸಣ್ಣ ಖಾನಾವಳಿ ಇದೆ. ಎಂಟು ಜನ ಕೆಲಸ ಮಾಡುತ್ತಾರೆ. ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐನ ಫೋಸ್ಟ್ಯಾಕ್ ತರಬೇತಿಯನ್ನು (ಅಡುಗೆ ಕೆಲಸದವರಿಗೆ ಆಹಾರ ಸುರಕ್ಷತೆ ಕಲಿಸುವ ತರಬೇತಿ) ಕನ್ನಡದಲ್ಲೇ, ಎದುರಿಗೆ ಕೂರಿಸಿ ಹೇಳಿಕೊಡುವವರು ಹುಬ್ಬಳ್ಳಿ-ಧಾರವಾಡದಲ್ಲಿ ಯಾರಾದರೂ ಇದ್ದಾರಾ?

25 ಜನ ಕೆಲಸಗಾರರಿಗೆ ತರಬೇತಿ ಪಡೆದ ಒಬ್ಬ ಮೇಲ್ವಿಚಾರಕರಿದ್ದರೆ ಸಾಕು ಅನ್ನುತ್ತದೆ ನಿಯಮ. ಆದರೆ ನಾನೊಬ್ಬಳೇ ಕಲಿತು ಏನು ಬಂತು? ಪಾತ್ರೆಗೆ ಕೈ ಹಾಕುವವರು ಅವರಲ್ವಾ? ಮೊನ್ನೆ ಒಬ್ಬ ಹುಡುಗ ಹಸಿ ಕೋಳಿ ಹೆಚ್ಚಿದ ಮಣೆಗೆ ಒಂದು ಚೊಂಬು ನೀರು ಸುರಿದು, ಅದರ ಮೇಲೇ ಸೌತೆಕಾಯಿ ಹೆಚ್ಚುತ್ತಿದ್ದ. ನನ್ನ ಎದೆ ಧಸಕ್ಕೆಂದಿತು. ಗದರಿದೆ. ಯಾಕೆ ಬೈದೆ ಅಂತ ಪಾಪ ಅವನಿಗೆ ಗೊತ್ತಾಗಲೇ ಇಲ್ಲ. ಬಿಸಿ ಅಡುಗೆ 60 ಡಿಗ್ರಿಗಿಂತ ಮೇಲೆ, ತಣ್ಣನೆಯದು 5 ಡಿಗ್ರಿಗಿಂತ ಕೆಳಗೆ ಇರಬೇಕು ಅಂದರೆ ಸುಮ್ನೆ ತಲೆ ಆಡಿಸುತ್ತಾರೆ. ಮಧ್ಯಾಹ್ನ ಮಿಕ್ಕ ಅನ್ನ ಸಂಜೆವರೆಗೂ ಒಲೆ ಪಕ್ಕದಲ್ಲೇ ಇರುತ್ತದೆ.

ಒಬ್ಬ ಏಜೆಂಟ್ ದುಡ್ಡು ಕೊಟ್ಟರೆ ತರಬೇತಿ ಇಲ್ಲದೆಯೇ ಸರ್ಟಿಫಿಕೇಟ್ ಕೊಡಿಸುತ್ತೇನೆ ಅಂದ. ಖಂಡಿತ ಬೇಡ ಅಂದೆ.

ಇಬ್ಬರಿಗೆ ಓದಲು ಬರುವುದಿಲ್ಲ. ಅಂಥವರಿಗೆ ಬಾಯಿಮಾತಲ್ಲಿ, ಮಾಡಿ ತೋರಿಸಿ ಕಲಿಸುವವರಾದರೆ ತುಂಬಾ ಒಳ್ಳೆಯದು. ಸೋಮವಾರ ನಮಗೆ ರಜೆ, ಅವತ್ತು ಎಲ್ಲರೂ ಸಿಗುತ್ತಾರೆ. ಮಾಡಿಸಿದವರಿದ್ದರೆ ಫೀಸು ಎಷ್ಟಾಯಿತು, ಹೇಗಿತ್ತು ಅಂತ ದಯವಿಟ್ಟು ತಿಳಿಸಿ.