ಇಂಟರ್‌ವ್ಯೂ ಮುಗಿದ ಮೇಲೆ ಥ್ಯಾಂಕ್ಸ್ ಹೇಳಿ ಮೇಲ್ ಹಾಕಬೇಕಾ?

ದಾವಣಗೆರೆ_ಬಿಕಾಂ:
ಎಲ್ಲರಿಗೂ ನಮಸ್ಕಾರ. ನಿನ್ನೆ ಶುಕ್ರವಾರ ಬೆಂಗಳೂರಿನ ಒಂದು ಕಂಪನಿಯ ಅಕೌಂಟ್ಸ್ ವಿಭಾಗಕ್ಕೆ ಇಂಟರ್‌ವ್ಯೂ ಕೊಟ್ಟು ರಾತ್ರಿ ಬಸ್ಸಿಗೆ ಊರಿಗೆ ಬಂದೆ. ಇದು ನನ್ನ ಮೊದಲನೇ ಇಂಟರ್‌ವ್ಯೂ. ಮೂರು ಜನ ಇದ್ದರು, ಮುಕ್ಕಾಲು ಗಂಟೆ ಕೂರಿಸಿಕೊಂಡು ಸಮಾಧಾನವಾಗಿ ಮಾತಾಡಿಸಿದರು. ಜಿಎಸ್‌ಟಿಆರ್-2ಎಗೂ 2ಬಿಗೂ (ಕಂಪನಿಯ ಖರೀದಿ ಬಿಲ್ಲುಗಳ ಜಿಎಸ್‌ಟಿ ವಿವರ ತೋರಿಸುವ ಎರಡು ಪಟ್ಟಿಗಳು; ಆ ತೆರಿಗೆಯನ್ನು ತಾನು ಕಟ್ಟಬೇಕಾದ್ದರಲ್ಲಿ ಕಳೆದುಕೊಳ್ಳುವುದೇ ಇನ್‌ಪುಟ್ ಕ್ರೆಡಿಟ್) ಏನು ವ್ಯತ್ಯಾಸ ಅಂತ ಕೇಳಿದಾಗ ಮಾತ್ರ ತಡವರಿಸಿಬಿಟ್ಟೆ, ಗೊತ್ತಿದ್ದದ್ದೇ ಬಾಯಿಗೆ ಬರಲಿಲ್ಲ.

ಈಗ ಗೆಳತಿ ಥ್ಯಾಂಕ್ಯೂ ಮೇಲ್ ಕಳಿಸಲೇಬೇಕು ಅನ್ನುತ್ತಾಳೆ. ಅಪ್ಪ, ಕೆಲಸ ಸಿಗೋ ಮೊದಲೇ ಥ್ಯಾಂಕ್ಸ್ ಹೇಳಿದರೆ ಬೆಣ್ಣೆ ಹಚ್ಚಿದ ಹಾಗೆ ಆಗುತ್ತೆ, ಸುಮ್ನಿರು ಅನ್ನುತ್ತಾರೆ. ಕಳಿಸುವುದಾದರೆ ಯಾರಿಗೆ? ನನ್ನ ಹತ್ತಿರ ಎಚ್‌ಆರ್ ಮೇಡಂ ಅವರ ಮೇಲ್ ಮತ್ತು ವಾಟ್ಸಾಪ್ ನಂಬರ್ ಮಾತ್ರ ಇದೆ. ವಾಟ್ಸಾಪ್‌ನಲ್ಲಿ ಹಾಕಿದರೆ ಸಾಕಾ?

ಹಳೇ_ಲೆಡ್ಜರ್:
ಕಳಿಸಿ, ಇವತ್ತೇ ಕಳಿಸಿ. ನಾನು ಹನ್ನೊಂದು ವರ್ಷದಿಂದ ಮೇಜಿನ ಆ ಕಡೆ ಕೂತು ಪ್ರಶ್ನೆ ಕೇಳುತ್ತಿದ್ದೇನೆ, ಅದೂ ಅಕೌಂಟ್ಸ್‌ಗೇ. ಇಂಥ ಮೇಲ್ ನನಗೆ ಬರುವುದು ಅಪರೂಪ. ಮೇಲ್ ನೋಡಿ ಯಾರಿಗೂ ಕೆಲಸ ಕೊಟ್ಟಿಲ್ಲ, ಬರಲಿಲ್ಲ ಅಂತ ಯಾರನ್ನೂ ಬಿಟ್ಟಿಲ್ಲ. ಆದರೆ ದಿನಕ್ಕೆ ಆರು ಜನರ ಜೊತೆ ಮಾತಾಡಿದ ಮೇಲೆ ಮುಖಗಳು ಕಲಸಿಹೋಗುತ್ತವೆ. ಆಗ ನಾಲ್ಕು ಸಾಲಿನ ಮೇಲ್ ಬಂದರೆ ಆ ಹುಡುಗಿ ಯಾರು, ಏನು ಹೇಳಿದ್ದಳು ಅಂತ ತಟ್ಟನೆ ನೆನಪಾಗುತ್ತದೆ.

ಅಪ್ಪನಿಗೆ ಯಾಕೆ ಹಾಗನ್ನಿಸುತ್ತದೆ ಅಂತ ನನಗೆ ಅರ್ಥವಾಗುತ್ತದೆ. ನಮ್ಮ ಮನೆಗಳಲ್ಲಿ ಊಟ ಮಾಡಿ ಹೊರಡುವವರು ಬರ್ತೀನಿ ಅನ್ನುತ್ತಾರೆ, ನಾವು ಹೋಗಿ ಬನ್ನಿ ಅನ್ನುತ್ತೇವೆ, ಅಲ್ಲಿಗೆ ಮುಗಿಯಿತು, ಥ್ಯಾಂಕ್ಸ್ ಹೇಳಿದರೆ ಹೊರಗಿನವರ ಹಾಗೆ ಆಡುತ್ತಾರೆ ಅನ್ನಿಸುತ್ತದೆ ಅಲ್ವಾ? ಅದಕ್ಕೇ ಇದು ನಾಟಕದ ಹಾಗೆ ಕಾಣುತ್ತದೆ. ಆದರೆ ನಿಮ್ಮಂಥ ಕಂಪನಿ ಇನ್ನೊಂದಿಲ್ಲ ಅಂತ ಹೊಗಳಿದರೆ ಅದು ಬೆಣ್ಣೆ. ಅವರು ಕೊಟ್ಟ ಮುಕ್ಕಾಲು ಗಂಟೆಗೆ ಉಪಕಾರವಾಯಿತು ಅನ್ನುವುದು ಬೆಣ್ಣೆ ಹೇಗಾಗುತ್ತದೆ?

ಎಚ್‌ಆರ್ ಮೇಡಂ ಇಂಟರ್‌ವ್ಯೂಗೆ ಕರೆದ ಮೇಲ್ ಇರುತ್ತದಲ್ಲ, ಅದಕ್ಕೇ ರಿಪ್ಲೈ ಮಾಡಿ, ಉಳಿದವರಿಗೂ ತಲುಪಿಸಿ ಅಂತ ಕೇಳಿಕೊಳ್ಳಿ. ಪ್ಯಾನೆಲ್‌ನವರ ಐಡಿ ಹುಡುಕಲು ಹೋಗಬೇಡಿ. ವಾಟ್ಸಾಪ್ ಬೇಡ, ಅದು ಅವರ ಸ್ವಂತದ ಜಾಗ. ರೆಸ್ಯೂಮೆ ಮತ್ತೆ ಲಗತ್ತಿಸಬೇಡಿ. ರಿಸಲ್ಟ್ ಯಾವಾಗ ಅಂತಲೂ ಈ ಮೇಲ್‌ನಲ್ಲಿ ಕೇಳಬೇಡಿ, ಕೇಳಿದರೆ ಥ್ಯಾಂಕ್ಸ್ ಹೇಳಿದ್ದೇ ಅದಕ್ಕೆ ಅನ್ನಿಸಿಬಿಡುತ್ತದೆ. ತಡವರಿಸಿದ ಪ್ರಶ್ನೆಗೆ ಒಂದೇ ಸಾಲಲ್ಲಿ ಸರಿ ಉತ್ತರ ಬರೆಯಿರಿ.

ಜರ್ಸಿ_ಕನ್ನಡಿಗ:
ಇಲ್ಲಿ ಅಮೆರಿಕದಲ್ಲಿ ಇದು ಮಾಮೂಲು, ಇಪ್ಪತ್ನಾಲ್ಕು ಗಂಟೆಯೊಳಗೆ ಕಳಿಸಬೇಕು ಅಂತ ಕಾಲೇಜಿನಲ್ಲೇ ಹೇಳಿಕೊಡುತ್ತಾರೆ. ಮಾತಾಡಿಸಿದ ಒಬ್ಬೊಬ್ಬರಿಗೂ ಬೇರೆ ಬೇರೆ ಬರೆಯುವವರೇ ಜಾಸ್ತಿ. ನಾನು ಇಲ್ಲಿಗೆ ಬಂದ ಹೊಸದರಲ್ಲಿ ನಾಲ್ಕು ಜನರಿಗೆ ಒಂದೇ ಮೇಲ್ ಕಾಪಿ ಮಾಡಿ ಕಳಿಸಿದ್ದೆ, ಒಬ್ಬರ ಹೆಸರು ಬದಲಿಸುವುದೇ ಮರೆತುಹೋಗಿತ್ತು. ಇವತ್ತಿಗೂ ನೆನೆಸಿಕೊಂಡರೆ ಬೇಜಾರಾಗುತ್ತದೆ. ಆದ್ದರಿಂದ ಹೆಸರಿನ ಸ್ಪೆಲ್ಲಿಂಗ್ ಎರಡು ಸಲ ನೋಡಿಕೊಳ್ಳಿ.

ಒಂದು ವಿಷಯದಲ್ಲಿ ಮಾತ್ರ ಲೆಡ್ಜರ್ ಅವರ ಮಾತು ಒಪ್ಪಲಾರೆ. ತಪ್ಪಿದ ಉತ್ತರವನ್ನು ನೀವಾಗಿಯೇ ಯಾಕೆ ಎತ್ತಬೇಕು? ಅವರು ಮರೆತಿರಬಹುದು.

ಹಳೇ_ಲೆಡ್ಜರ್:
ಮರೆತಿರುವುದಿಲ್ಲ ಸಾರ್. ಈ ಕೆಲಸದಲ್ಲಿ ಪ್ರತಿ ತಿಂಗಳು ಖರೀದಿ ಬಿಲ್ಲುಗಳನ್ನು 2ಬಿ ಜೊತೆ ತಾಳೆ ನೋಡಲೇಬೇಕು, ಆ ಪ್ರಶ್ನೆಗೆ ಉತ್ತರ ಬರಲಿಲ್ಲ ಅಂದರೆ ನನ್ನ ಹಾಳೆಯಲ್ಲಿ ಗುರುತು ಬಿದ್ದಿರುತ್ತದೆ. ಹವ್ಯಾಸ ಏನು ಅನ್ನುವಂಥ ಪ್ರಶ್ನೆಗೆ ತಡವರಿಸಿದ್ದರೆ ಬಿಡಿ ಅನ್ನುತ್ತಿದ್ದೆ. ಆದರೆ ಒಂದು ಸಾಲು ಮಾತ್ರ. ಹೆದರಿಕೆಯಾಯಿತು, ನಿದ್ದೆ ಇರಲಿಲ್ಲ ಅಂತ ಕಾರಣ ಹೇಳುತ್ತಾ ಹೋದರೆ ಜರ್ಸಿಯವರು ಹೇಳಿದ್ದೇ ಸರಿಯಾಗುತ್ತದೆ.

ಪುಸ್ತಕದ_ಹುಳು:
ಸರ್ಕಾರಿ ಕೆಲಸಕ್ಕೆ ಓದುತ್ತಿರುವವರು ಇದನ್ನು ನೋಡಿ ಅಲ್ಲೂ ಹಾಗೇ ಮಾಡಬೇಡಿ, ದಯವಿಟ್ಟು. ಬ್ಯಾಂಕ್ ಪಿಒ (ಪ್ರೊಬೇಷನರಿ ಆಫೀಸರ್) ನೋಟಿಫಿಕೇಶನ್ ಪೂರ್ತಿ ಓದಿ, ಯಾವುದೇ ರೀತಿಯಲ್ಲಿ ಪ್ರಭಾವ ಬೀರಲು ನೋಡಿದರೆ ಅನರ್ಹ ಮಾಡುತ್ತೇವೆ ಅಂತ ಬರೆದಿರುತ್ತಾರೆ. ಬೋರ್ಡ್ ಸದಸ್ಯರನ್ನು ಹುಡುಕಿ ಥ್ಯಾಂಕ್ಸ್ ಬರೆದರೆ ಅದನ್ನು ಹೇಗೆ ಬೇಕಾದರೂ ಅರ್ಥ ಮಾಡಿಕೊಳ್ಳಬಹುದು. ಕೇಂದ್ರ ಸರ್ಕಾರದ ಗ್ರೂಪ್ ಸಿ ಮತ್ತು ಗೆಜೆಟೆಡ್ ಅಲ್ಲದ ಗ್ರೂಪ್ ಬಿ ಹುದ್ದೆಗಳಿಗೆ 2016ರ ಜನವರಿಯಿಂದ ಇಂಟರ್‌ವ್ಯೂನೇ ಇಲ್ಲ. ಇರುವ ಕಡೆ ಎದ್ದು ಬರುವಾಗ ನಮಸ್ಕಾರ ಹೇಳಿ ಬನ್ನಿ, ಸಾಕು.

ದಾವಣಗೆರೆ_ಬಿಕಾಂ:
ಎಲ್ಲರಿಗೂ ತುಂಬಾ ಉಪಕಾರವಾಯಿತು. ಶನಿವಾರ ಸಂಜೆಯೇ ಕಳಿಸಿದೆ. ಬರೆದದ್ದು ಇಂಗ್ಲಿಷಿನಲ್ಲಿ, ಕನ್ನಡದಲ್ಲಿ ಹೇಳಬೇಕೆಂದರೆ ಹೀಗಿತ್ತು:

"ನಮಸ್ಕಾರ ಮೇಡಂ, ನಿನ್ನೆ ನನಗಾಗಿ ಸಮಯ ಕೊಟ್ಟದ್ದಕ್ಕೆ ನಿಮಗೂ ಪ್ಯಾನೆಲ್‌ನ ಮೂವರಿಗೂ ಧನ್ಯವಾದ. ತಿಂಗಳ ಕೊನೆಯಲ್ಲಿ ನಿಮ್ಮಲ್ಲಿ ಲೆಕ್ಕ ಹೇಗೆ ಮುಗಿಸುತ್ತೀರಿ ಎಂದು ವಿವರಿಸಿದ್ದು ನನಗೆ ತುಂಬಾ ಉಪಯೋಗವಾಯಿತು. 2ಎ, 2ಬಿ ಬಗ್ಗೆ ನಾನು ಸರಿಯಾಗಿ ಹೇಳಲಿಲ್ಲ. ಪೂರೈಕೆದಾರರು ರಿಟರ್ನ್ ಸಲ್ಲಿಸಿದ ಹಾಗೆಲ್ಲ 2ಎ ಬದಲಾಗುತ್ತಿರುತ್ತದೆ, 2ಬಿ ಪ್ರತಿ ತಿಂಗಳ 14ಕ್ಕೆ ಸಿದ್ಧವಾಗುತ್ತದೆ, ಇನ್‌ಪುಟ್ ಕ್ರೆಡಿಟ್‌ಗೆ ನೋಡಬೇಕಾದ್ದು ಅದನ್ನೇ. ಇದನ್ನು ಅವರಿಗೂ ತಲುಪಿಸಿದರೆ ಸಂತೋಷ."

ಕಳಿಸುವ ಮೊದಲು ಅಪ್ಪನಿಗೆ ಓದಿ ಹೇಳಿದೆ. ಇದರಲ್ಲಿ ತಪ್ಪೇನಿಲ್ಲ, ಕಳಿಸು ಅಂದರು. ಇವತ್ತು ಬೆಳಿಗ್ಗೆ ಮೇಡಂ "ಪ್ಯಾನೆಲ್‌ಗೆ ಕಳಿಸಿದ್ದೇನೆ" ಅಂತ ಒಂದು ಸಾಲು ಉತ್ತರ ಹಾಕಿದ್ದಾರೆ. ರಿಸಲ್ಟ್ ಇನ್ನೂ ಬಂದಿಲ್ಲ. ಬಂದ ತಕ್ಷಣ ಇಲ್ಲೇ ಹೇಳುತ್ತೇನೆ.